ಪದಬಂಧ: ಒಂದನೇ ಸುಳಿವಿನಿಂದ ಶುರು ಮಾಡಬೇಡಿ

ಬೆಳಗಿನ ಪತ್ರಿಕೆಯಲ್ಲಿ ಪದಬಂಧಕ್ಕೆ ಕೈ ಹಾಕಿದವರಲ್ಲಿ ಬಹಳ ಜನ ಐದು ನಿಮಿಷಕ್ಕೇ ಕೈಬಿಡುತ್ತಾರೆ. ಎಡದಿಂದ ಬಲಕ್ಕೆ ಒಂದನೇ ಸುಳಿವು ಓದುತ್ತಾರೆ, ಹೊಳೆಯುವುದಿಲ್ಲ. ಮುಂದಿನದು ನೋಡುತ್ತಾರೆ, ಅದೂ ಇಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ‘ಇದಕ್ಕೆಲ್ಲ ತುಂಬಾ ಓದಿಕೊಂಡಿರಬೇಕು’ ಎಂದು ಪುಟ ತಿರುಗಿಸುತ್ತಾರೆ. ಅಂಥವರಿಗೆ ಒಂದು ಭರವಸೆ ಕೊಡಬಲ್ಲೆ. ದಿನಪತ್ರಿಕೆಯ ಪದಬಂಧ ಬಿಡಿಸಲು ಪಂಡಿತರಾಗಿರಬೇಕಿಲ್ಲ. ಅಡ್ಡಸಾಲು ಉದ್ದಸಾಲಿಗೆ, ಉದ್ದಸಾಲು ಅಡ್ಡಸಾಲಿಗೆ ಹೇಳುವ ಸಾಕ್ಷಿಯನ್ನು ನಂಬಿ ನಡೆದರೆ ಅರ್ಧ ಕೆಲಸ ಆದ ಹಾಗೆ. ಇನ್ನರ್ಧವನ್ನು ಕನ್ನಡದ ಅಕ್ಷರಗಳೇ ಮಾಡಿಕೊಡುತ್ತವೆ, ಅವುಗಳ ಸ್ವಭಾವ ಗಮನಿಸಿದರೆ.

ಮೊದಲು ಅಕ್ಷರ ಎಣಿಸಿ

ಪದಬಂಧ ಹುಟ್ಟಿದ್ದು ಇಂಗ್ಲಿಷಿನಲ್ಲಿ. 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಆರ್ಥರ್ ವಿನ್ ಎಂಬ ಪತ್ರಕರ್ತರು ವಜ್ರದಾಕಾರದ ಒಂದು ಒಗಟನ್ನು ಅಚ್ಚುಹಾಕಿಸಿದರು. ಅವರ ಚೌಕಗಳಿಗೆ ಇಪ್ಪತ್ತಾರೇ ಅಕ್ಷರಗಳು ಸಾಕಿದ್ದವು. ಕನ್ನಡಕ್ಕೆ ಬಂದಾಗ ಲೆಕ್ಕ ಬೇರೆಯಾಯಿತು. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಸೇರಿದ ಇಡೀ ಅಕ್ಷರ ಒಂದು ಚೌಕದೊಳಗೆ ಕೂರುತ್ತದೆ. ‘ಸೂರ್ಯ’ ಎರಡು ಚೌಕ. ‘ದುಃಖ’ ಎರಡು. ‘ಕುರುಕ್ಷೇತ್ರ’ ನಾಲ್ಕು. ‘ಸ್ವಾತಂತ್ರ್ಯ’ ಬರೆಯಲು ಎಷ್ಟು ಹೊತ್ತು ಹಿಡಿದರೂ ಮೂರೇ ಚೌಕ: ಸ್ವಾ, ತಂ, ತ್ರ್ಯ. ಸುಳಿವಿನ ಪಕ್ಕದ ಕಂಸದಲ್ಲಿರುವ ಅಂಕಿ ಹೇಳುವುದು ಇದನ್ನೇ. ಶುರುವಿನಲ್ಲಿ ಬೆರಳು ಮಡಚಿ ಎಣಿಸಿದರೂ ತಪ್ಪಿಲ್ಲ.

ಇದರಿಂದ ಒಂದು ಕಷ್ಟ, ಒಂದು ಲಾಭ. ಅಡ್ಡಸಾಲಿನಲ್ಲಿ ‘ಕಿ’ ಇದ್ದರೆ ಉದ್ದಸಾಲಿನಲ್ಲೂ ‘ಕಿ’ಯೇ ಬೇಕು, ‘ಕೀ’ ಆಗದು, ‘ಕ’ ಆಗದು. ರಚಿಸುವವರಿಗೆ ಇದು ಕಷ್ಟ. ಬಿಡಿಸುವವರಿಗೆ ಲಾಭ, ಏಕೆಂದರೆ ಒಂದೇ ಚೌಕ ತುಂಬಿದರೂ ಅದು ಕೊಡುವ ಮಾಹಿತಿ ದೊಡ್ಡದು. ನಡುವೆ ‘ತ್ಕ’ ಸಿಕ್ಕಿತೆನ್ನಿ. ಎಂಥ ಪದಗಳಲ್ಲಿ ಅದು ಬರುತ್ತದೆ? ಘಟೋತ್ಕಚ, ಉತ್ಕಟ, ಉತ್ಕಲ... ಪಟ್ಟಿ ಬೇಗ ಮುಗಿಯುತ್ತದೆ. ಒತ್ತಕ್ಷರ ಇರುವ ಉತ್ತರ ಸಿಕ್ಕಿದ ಕೂಡಲೇ ಅದನ್ನು ದಾಟುವ ಸಾಲಿಗೆ ಹೋಗಿ. ಬೇರೆಲ್ಲ ಆಮೇಲೆ.

ಖಚಿತವಾದದ್ದನ್ನು ಮಾತ್ರ ತುಂಬಿ

ಪೆನ್ಸಿಲ್, ರಬ್ಬರು ಇಟ್ಟುಕೊಳ್ಳಿ. ಬರೆಯುವ ಮುಂಚೆ ಎಲ್ಲ ಸುಳಿವುಗಳನ್ನೂ, ಎಡದಿಂದ ಬಲಕ್ಕೆ ಮತ್ತು ಮೇಲಿಂದ ಕೆಳಕ್ಕೆ ಎರಡನ್ನೂ, ಒಮ್ಮೆ ಓದಿಬಿಡಿ. ಬೇರೆ ಉತ್ತರಕ್ಕೆ ಜಾಗವೇ ಇಲ್ಲದ ಸುಳಿವುಗಳು ಪ್ರತಿ ಪದಬಂಧದಲ್ಲೂ ಕೆಲವಾದರೂ ಇರುತ್ತವೆ. ‘ಅರ್ಜುನನ ಬಿಲ್ಲು (3)’ ಎಂದರೆ ಗಾಂಡೀವ, ‘ಶಿವನ ಬಿಲ್ಲು (3)’ ಎಂದರೆ ಪಿನಾಕ. ಊರು, ನದಿ, ಪುರಾಣದ ಹೆಸರುಗಳು ಸಾಮಾನ್ಯವಾಗಿ ಈ ಗುಂಪಿನವು. ಮೊದಲು ಇವನ್ನು ತುಂಬಿ. ‘ಚೆಲುವು’, ‘ಸಂತೋಷ’, ‘ಹೊಳಪು’ ಎಂಬಂಥ ಸುಳಿವುಗಳಿಗೆ ಹತ್ತು ಉತ್ತರ ಇರುತ್ತವೆ. ಅವನ್ನು ಈಗ ಮುಟ್ಟಬೇಡಿ.

ಎರಡು ಅನುಮಾನ ಸೇರಿ ಒಂದು ನಿಶ್ಚಯವಾಗುವುದನ್ನು ಒಂದು ಸಣ್ಣ ಉದಾಹರಣೆಯಲ್ಲಿ ನೋಡೋಣ. ಮೇಲಿನ ಸಾಲಿನಲ್ಲಿ ನಾಲ್ಕು ಚೌಕ, ಸುಳಿವು ‘ಕುರುಕ್ಷೇತ್ರದಲ್ಲಿ ಮೊಳಗಿದ ಶಂಖ (4)’. ಕೃಷ್ಣನ ಪಾಂಚಜನ್ಯವೂ ನಾಲ್ಕಕ್ಷರ, ಅರ್ಜುನನ ದೇವದತ್ತವೂ ನಾಲ್ಕಕ್ಷರ. ಯಾವುದು? ನಿಲ್ಲಿ, ಬರೆಯಬೇಡಿ. ಅದೇ ಮೊದಲ ಚೌಕದಿಂದ ಕೆಳಕ್ಕೆ ಇಳಿಯುವ ಸುಳಿವು ‘ದ್ರುಪದನ ಮಗಳು (3)’. ಇಲ್ಲೂ ಎರಡು ದಾರಿ: ದ್ರೌಪದಿ ಅಥವಾ ಪಾಂಚಾಲಿ. ಮೊದಲ ಚೌಕಕ್ಕೆ ಶಂಖ ಕೇಳುವುದು ‘ಪಾಂ’ ಅಥವಾ ‘ದೇ’, ದ್ರುಪದನ ಮಗಳು ಕೇಳುವುದು ‘ದ್ರೌ’ ಅಥವಾ ‘ಪಾಂ’. ಎರಡಕ್ಕೂ ಒಪ್ಪುವುದು ‘ಪಾಂ’ ಒಂದೇ. ಪಾಂಚಜನ್ಯ, ಪಾಂಚಾಲಿ ಎರಡೂ ಒಟ್ಟಿಗೆ ಸಿಕ್ಕವು.

ಇನ್ನು ಪಾಂಚಜನ್ಯದ ಮೂರನೇ ಚೌಕ ‘ಜ’. ಅಲ್ಲಿಂದ ಕೆಳಕ್ಕೆ ‘ಕಮಲ (3)’ ಇದೆ. ತಾವರೆ, ಪಂಕಜ, ಸರೋಜ, ನಳಿನ, ರಾಜೀವ, ಅಂಬುಜ, ಮೂರಕ್ಷರದವು ಎಷ್ಟು ಬೇಕಾದರೂ ಇವೆ. ಆದರೆ ‘ಜ’ದಿಂದ ಶುರುವಾಗುವುದು ಜಲಜ. ಅದರ ಕೊನೆಯ ‘ಜ’ದಿಂದ ಬಲಕ್ಕೆ ‘ಕೀರ್ತಿ (2)’. ತಟ್ಟನೆ ‘ಯಶ’ ಅನ್ನಿಸುತ್ತದೆ, ಆದರೆ ‘ಜ’ ಆಗಲೇ ಕೂತಿದೆ. ಯಶದ ತದ್ಭವ ಜಸ. ಮುಗಿಯಿತು. ಇಲ್ಲಿ ಒಂದೇ ಒಂದು ಸುಳಿವೂ ತಾನಾಗಿ ಖಚಿತವಾಗಿರಲಿಲ್ಲ ಎಂಬುದನ್ನು ಗಮನಿಸಿ. ಪದಬಂಧದ ನಿಜವಾದ ಸುಖ ಇರುವುದು ಈ ಜಾಗದಲ್ಲೇ. ಗೊತ್ತಿದ್ದದ್ದನ್ನು ಬರೆಯುವುದರಲ್ಲಿ ಅಷ್ಟು ಸುಖವಿಲ್ಲ.

ಅಕ್ಷರ ಎಲ್ಲಿ ಕೂರುವುದಿಲ್ಲ?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದಕ್ಕಿಂತ ಉಪಯೋಗದ ಮಾತು ಬೇರಿಲ್ಲ. ಅ, ಆ, ಇ, ಉ, ಎ ಮುಂತಾದ ಸ್ವರಾಕ್ಷರಗಳು ಕನ್ನಡದಲ್ಲಿ ಪದದ ಮೊದಲಿಗೇ ಬರುತ್ತವೆ, ನಡುವೆ ಬರುವುದಿಲ್ಲ. ಎರಡು ಪದ ಜೋಡಿಸಿ ಬರೆದ ಉತ್ತರಗಳನ್ನು ಬಿಟ್ಟರೆ ಇದು ಗಟ್ಟಿ ನಿಯಮ. ಹಾಗಾಗಿ ಅಡ್ಡಸಾಲಿನ ಮೊದಲ ಚೌಕ ಯಾವುದೋ ಉದ್ದಸಾಲಿನ ಮಧ್ಯದಲ್ಲಿ ಬಿದ್ದಿದ್ದರೆ, ಆ ಅಡ್ಡಸಾಲಿನ ಉತ್ತರ ಸ್ವರದಿಂದ ಶುರುವಾಗುವಂತಿಲ್ಲ. ಅಲ್ಲಿ ‘ಕಮಲ (3)’ ಕೇಳಿದ್ದರೆ ಅಂಬುಜವನ್ನು ಹೊಡೆದುಹಾಕಿ. ‘ಆನೆ (2)’ ಕೇಳಿದ್ದರೆ ಇಭವನ್ನು ಬಿಡಿ, ಗಜ, ಕರಿ, ಹಸ್ತಿ, ದಂತಿ ನೋಡಿ.

ಇದರ ಇನ್ನೊಂದು ಮುಖವೂ ಇದೆ. ಕ್ಕ, ತ್ತ, ಲ್ಲ ಮೊದಲಾದ ಸಜಾತೀಯ ಒತ್ತಕ್ಷರಗಳಿಂದ ಯಾವ ಪದವೂ ಆರಂಭವಾಗುವುದಿಲ್ಲ. ಳ, ಣ ಕೂಡ ಹಾಗೆಯೇ. ಒಂದು ಚೌಕದಿಂದ ಹೊಸ ಪದ ಶುರುವಾಗುತ್ತಿದ್ದರೆ ಅಲ್ಲಿ ‘ತ್ತ’ ಬರುವಂತಿಲ್ಲ. ಮೇಲಿನ ಶಂಖದ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಾಲ್ಕನೇ ಚೌಕದಿಂದ ಕೆಳಕ್ಕೆ ಇನ್ನೊಂದು ಪದ ಹೊರಟಿದ್ದರೆ ದೇವದತ್ತ ಅಷ್ಟಕ್ಕೇ ಬಿದ್ದುಹೋಗುತ್ತಿತ್ತು. ಸುಳಿವು ಓದದೆ, ಬರೀ ಕಪ್ಪು ಬಿಳಿ ಚೌಕಗಳ ಜೋಡಣೆ ನೋಡಿ ಇಷ್ಟು ತಿಳಿಯಬಹುದು.

ಸುಳಿವಿನ ರೂಪ, ಉತ್ತರದ ರೂಪ

ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ. ‘ಮರಗಳು (4)’ ಎಂದರೆ ಕೊನೆಯ ಎರಡು ಚೌಕದಲ್ಲಿ ‘ಗಳು’ ಎಂದು ತೆಳುವಾಗಿ ಬರೆದಿಡಿ, ಮೊದಲೆರಡು ‘ವೃಕ್ಷ’ವೋ ಇನ್ನೊಂದೋ ಆಮೇಲೆ ಗೊತ್ತಾಗುತ್ತದೆ. ‘ಕಾಡಿನಲ್ಲಿ (4)’ ಎಂದರೆ ಕೊನೆಗೆ ‘ದಲ್ಲಿ’ ಇರಬಹುದು: ವನದಲ್ಲಿ. ಬಳ್ಳಿಗೆ ಲತೆಯೂ ಸರಿ, ಲತಾ ಕೂಡ ಸರಿ. ಇಂಥ ಕಡೆ ಕೊನೆಯ ಚೌಕ ಖಾಲಿ ಬಿಡಿ.

ನಾಮಪದವೋ ಕ್ರಿಯಾಪದವೋ ಎಂಬ ಗೊಂದಲವನ್ನು ರಚಿಸುವವರು ಬೇಕೆಂದೇ ಇಡುತ್ತಾರೆ. ‘ಏಳು (2)’ ಆದರೆ ಸಪ್ತ, ‘ಏಳು (3)’ ಆದರೆ ಎದ್ದೇಳು. ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಸೀಳುವುದೂ ಹೌದು, ಪ್ರವಹಿಸುವುದೂ ಹೌದು. ಒಂದು ಅರ್ಥದಲ್ಲಿ ಸಿಕ್ಕಿಬಿದ್ದು ಮುಂದೆ ಹೋಗದಿದ್ದರೆ ಸುಳಿವನ್ನು ಇನ್ನೊಂದು ದನಿಯಲ್ಲಿ, ಯಾರಿಗೋ ಹೇಳುತ್ತಿರುವಂತೆ ಗಟ್ಟಿಯಾಗಿ ಓದಿ. ‘ಆರು’ ಸಂಖ್ಯೆಯಾಗಿ ಕೇಳಿಸುತ್ತಿದ್ದದ್ದು ದೀಪ ಆರುವ ‘ಆರು’ ಆಗಿ ಕೇಳಿಸುತ್ತದೆ.

ಪದಗಳನ್ನು ಮನೆತನವಾಗಿ ಹಿಡಿಯಿರಿ

ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಲು ಹೊರಟರೆ ಮುಗಿಯುವುದಿಲ್ಲ. ಅವು ಹುಟ್ಟುವ ಬಗೆ ತಿಳಿದುಕೊಳ್ಳಿ. ನೀರಿನ ಹೆಸರಿಗೆ ‘ಜ’ ಸೇರಿದರೆ ಅದರಲ್ಲಿ ಹುಟ್ಟಿದ ಕಮಲ. ‘ದ’ ಸೇರಿದರೆ ಅದನ್ನು ಕೊಡುವ ಮೋಡ. ‘ಧಿ’ ಸೇರಿದರೆ ಅದನ್ನು ಹಿಡಿದಿಟ್ಟ ಕಡಲು. ಜಲಜ, ಜಲದ, ಜಲಧಿ. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ನಾಲ್ಕಾರು ನೀರಿನ ಹೆಸರು, ಮೂರು ಕೊನೆ, ಕೈಗೆ ಹದಿನೈದಿಪ್ಪತ್ತು ಪದ ಬಂತು. ‘ಮೋಡ (3)’ ಎಂದು ಕಂಡಾಗ ಕೊನೆಯ ಚೌಕದ ಮೂಲೆಯಲ್ಲಿ ಸಣ್ಣದಾಗಿ ‘ದ’ ಬರೆದಿಟ್ಟು ಮುಂದೆ ಹೋಗಬಹುದು. ಮುಗಿಲು ಕೂಡ ಮೂರಕ್ಷರ ಎಂಬುದು ನೆನಪಿರಲಿ. ಭೂಮಿಯ ಹೆಸರುಗಳೂ ಹಾಗೆಯೇ: ಭೂಪ, ಭೂಪಾಲ ಎಂದರೆ ಅರಸ, ಭೂಧರ ಎಂದರೆ ಬೆಟ್ಟ, ಭೂರುಹ ಎಂದರೆ ಮರ.

ಪುರಾಣದ ಮಕ್ಕಳ ಹೆಸರಿಗೂ ಒಂದು ಕ್ರಮ ಇದೆ. ತಂದೆ, ತಾಯಿ ಅಥವಾ ನಾಡಿನ ಹೆಸರಿನ ಮೊದಲ ಅಕ್ಷರ ಹಿಗ್ಗುತ್ತದೆ. ದಶರಥನ ಮಗ ದಾಶರಥಿ, ಗಂಗೆಯ ಮಗ ಗಾಂಗೇಯ, ಕುಂತಿಯ ಮಗ ಕೌಂತೇಯ, ಸುಮಿತ್ರೆಯ ಮಗ ಸೌಮಿತ್ರಿ, ವಿನತೆಯ ಮಗ ವೈನತೇಯ, ಜನಕನ ಮಗಳು ಜಾನಕಿ, ವಿದೇಹದ ಮಗಳು ವೈದೇಹಿ. ಅಕಾರ ಆಕಾರವಾಗುತ್ತದೆ, ಇಕಾರ ಐಕಾರ, ಉಕಾರ ಔಕಾರ. ‘ವಿನತೆಯ ಮಗ (4)’ ಎಂದು ಕೇಳಿದಾಗ ಗರುಡ ಎಂದು ಗೊತ್ತಿದ್ದೂ ಅಕ್ಷರ ಸಾಲದೆ ತಡವರಿಸುವವರು ಈ ಕ್ರಮ ಹಿಡಿದರೆ ಉತ್ತರವನ್ನು ತಾವೇ ಕಟ್ಟಿಕೊಳ್ಳಬಹುದು.

ಹಾಗೆಯೇ ತತ್ಸಮ, ತದ್ಭವ ಜೋಡಿಗಳು: ವರ್ಣ ಬಣ್ಣ, ಕಾವ್ಯ ಕಬ್ಬ, ಆಶ್ಚರ್ಯ ಅಚ್ಚರಿ, ಯಮ ಜವ. ಶಾಲೆಯಲ್ಲಿ ಪರೀಕ್ಷೆಗೆಂದು ಓದಿ ಮರೆತದ್ದು ಇಲ್ಲಿ ದಿನಾ ಕೆಲಸಕ್ಕೆ ಬರುತ್ತದೆ.

ತಿರುವುಮುರುವಿನ ಸುಳಿವುಗಳು

ಕೆಲವು ಸುಳಿವುಗಳು ಅರ್ಥದ ಜತೆ ಅಕ್ಷರದ ಆಟವನ್ನೂ ಆಡುತ್ತವೆ. ‘ತಿರುಗಿದ’, ‘ತಲೆಕೆಳಗಾದ’, ‘ಚೆಲ್ಲಾಪಿಲ್ಲಿ’, ‘ಒಳಗಿದೆ’ ಎಂಬ ಮಾತು ಕಂಡರೆ ಅರ್ಥ ಹುಡುಕುವುದನ್ನು ಸ್ವಲ್ಪ ನಿಲ್ಲಿಸಿ ಅಕ್ಷರ ನೋಡಿ. ಅಭ್ಯಾಸಕ್ಕೆಂದು ಕೆಲವನ್ನು ಇಲ್ಲೇ ಹೊಸೆದಿದ್ದೇನೆ.

‘ತಿರುಗಿ ಹರಿದ ನದಿಯಲ್ಲಿ ಒಂದು ಹಗಲು (2)’. ನದಿಯನ್ನು ಹಿಂದಿನಿಂದ ಓದಿ: ದಿನ.

‘ಹಿಂದುಮುಂದಾದರೂ ಊರು ಬದಲಾಗದು (3)’. ಗದಗ.

‘ಚೆಲ್ಲಾಪಿಲ್ಲಿಯಾದ ಮದನನ ಹತ್ತಿಕ್ಕುವಿಕೆ (3)’. ಮದನದ ಅಕ್ಷರಗಳನ್ನು ಅದಲುಬದಲು ಮಾಡಿ: ದಮನ.

‘ಅರಸನೂ ತುಂಡೂ ಸೇರಿದ ಊರು (4)’. ಅರಸ ರಾಯ, ತುಂಡು ಚೂರು: ರಾಯಚೂರು.

ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ತಿರುಗುತ್ತದೆ, ನಮ್ಮಲ್ಲಿ ‘ದಿ’ ಎಂಬುದು ಗುಡಿಸಿನ ಸಮೇತ ಇಡಿಯಾಗಿ ತಿರುಗುತ್ತದೆ. ಇಷ್ಟು ಹಿಡಿತಕ್ಕೆ ಬಂದರೆ ಈ ಬಗೆಯ ಸುಳಿವುಗಳೇ ಎಲ್ಲಕ್ಕಿಂತ ಸುಲಭ ಅನ್ನಿಸುತ್ತವೆ, ಏಕೆಂದರೆ ಉತ್ತರ ಸುಳಿವಿನೊಳಗೇ ಇರುತ್ತದೆ.

ಸಿಕ್ಕಿಕೊಂಡಾಗ

ಅರ್ಧ ತುಂಬಿ ನಿಂತುಹೋಯಿತೇ? ಪತ್ರಿಕೆ ಮಡಚಿಟ್ಟು ಬೇರೆ ಕೆಲಸಕ್ಕೆ ಹೋಗಿ. ಸಂಜೆ ತೆರೆದಾಗ ಬೆಳಗ್ಗೆ ಕಾಣದ ಪದ ಕಾಣುತ್ತದೆ. ಆಗಲೂ ಒಂದು ಮೂಲೆ ಹಟ ಹಿಡಿದರೆ, ಆ ಮೂಲೆಯಲ್ಲಿ ನೀವು ಖಚಿತ ಎಂದುಕೊಂಡಿರುವ ಉತ್ತರವನ್ನೇ ಅನುಮಾನಿಸಿ, ಅಳಿಸಿ ನೋಡಿ. ಬಹಳ ಸಲ ತೊಂದರೆ ಇರುವುದು ಅಲ್ಲಿ.

ಮೊಬೈಲ್ ತೆಗೆಯುವ ಮುಂಚೆ ಮನೆಯವರನ್ನು ಕೇಳಿ ಎನ್ನುವುದು ನನ್ನ ಕಳಕಳಿಯ ಮಾತು. ‘ಅಜ್ಜಿ, ಭೀಮನ ಶಂಖ ಯಾವುದು? ಎರಡಕ್ಷರ’ ಎಂದರೆ ಅಡುಗೆಮನೆಯಿಂದಲೇ ‘ಪೌಂಡ್ರ ಅಲ್ವೇನೋ’ ಎಂಬ ಉತ್ತರ ಬರುತ್ತದೆ. ಕ್ರಿಕೆಟ್, ಸಿನಿಮಾದ ಸುಳಿವಿಗೆ ಮಕ್ಕಳಿದ್ದಾರೆ. ಒಂದೇ ಚೌಕದ ಸುತ್ತ ಮೂರು ತಲೆಮಾರು ಕೂರಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಕಂಡಿಲ್ಲ.

ನಿಘಂಟು ನೋಡುವುದು ತಪ್ಪಲ್ಲ, ನೋಡುವ ಹೊತ್ತು ಮುಖ್ಯ. ಅಕ್ಷರಗಳೆಲ್ಲ ಕೂಡಿಬಂದು, ಅಂಥ ಪದ ಇದೆಯೇ ಎಂಬ ಸಂದೇಹ ಉಳಿದಾಗ ತೆರೆಯಿರಿ. 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ಇಂದಿಗೂ ಈ ಕೆಲಸಕ್ಕೆ ಒದಗುತ್ತದೆ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಹಳಗನ್ನಡದ ರೂಪಗಳನ್ನೂ ಕೊಡುತ್ತದೆ.

ಶುರುವಿನ ಕೆಲವು ತಿಂಗಳು ಒಂದೇ ಪತ್ರಿಕೆಯ ಪದಬಂಧ ಹಿಡಿಯಿರಿ. ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಿಂದ ಹಿಡಿದು ಈಗಷ್ಟೇ ಬರೆಯತೊಡಗಿದವರವರೆಗೆ, ರಚಿಸುವ ಪ್ರತಿಯೊಬ್ಬರಿಗೂ ತಮ್ಮದೇ ಒಲವು ಇರುತ್ತದೆ. ಒಬ್ಬರಿಗೆ ಮಹಾಭಾರತ ಪ್ರೀತಿ, ಇನ್ನೊಬ್ಬರಿಗೆ ಗಾದೆ, ಮತ್ತೊಬ್ಬರಿಗೆ ಊರ ಹೆಸರು. ಅವರ ಮನಸ್ಸು ಹೋಗುವ ದಾರಿ ನಿಮಗೆ ಪರಿಚಯವಾಗುತ್ತ ಬಂದ ಹಾಗೆ ವೇಗ ತಾನಾಗಿ ಬರುತ್ತದೆ.

ಮರುದಿನ ಉತ್ತರ ಅಚ್ಚಾದಾಗ ಖಾಲಿ ಉಳಿದ ಚೌಕಗಳನ್ನು ನಕಲು ಮಾಡಿ ತುಂಬಬೇಡಿ. ಗೊತ್ತಿಲ್ಲದ ಪದವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅಕಾರಾದಿಯಾಗಿ ಬರೆದರೆ ಪ್ರಯೋಜನ ಕಡಿಮೆ, ಅರ್ಥದ ಕೆಳಗೆ ಅಕ್ಷರಗಳ ಲೆಕ್ಕದಲ್ಲಿ ಬರೆಯಿರಿ. ಆನೆ ಎಂದು ತಲೆಬರಹ ಹಾಕಿ, ಎರಡಕ್ಷರದ ಸಾಲಿನಲ್ಲಿ ಗಜ, ಕರಿ, ಇಭ, ಹಸ್ತಿ, ದಂತಿ, ಮೂರಕ್ಷರದ ಸಾಲಿನಲ್ಲಿ ವಾರಣ, ಕುಂಜರ, ಮಾತಂಗ, ಸಿಂಧುರ. ಪ್ರತಿ ತಲೆಬರಹಕ್ಕೂ ಅರ್ಧ ಪುಟ ಬಿಡಿ, ತುಂಬುತ್ತ ಹೋಗುತ್ತದೆ.