'ಯಾರು ಮಾಡಿದ್ದು?' ಅಂತ ಕೇಳುವ ವಾರ್ಡಿನಲ್ಲಿ ನಿಜ ಹೇಳುವುದು ಹೇಗೆ

ಹದಿನಾಲ್ಕು ವರ್ಷದಿಂದ ನರ್ಸ್ ಆಗಿದ್ದೇನೆ. ಎಡವಟ್ಟಾದರೆ 'ಯಾಕಾಯ್ತು' ಅಂತಲ್ಲ, 'ಯಾರು ಮಾಡಿದ್ದು' ಅಂತ ಮೊದಲು ಕೇಳುವ ಕಡೆಯೇ ಹೆಚ್ಚು ದುಡಿದದ್ದು.

ಒಂದು ನೈಟ್ ಡ್ಯೂಟಿಯಲ್ಲಿ ಹೊಸ ಹುಡುಗಿಯೊಬ್ಬಳು 10 ಯೂನಿಟ್ ಇನ್ಸುಲಿನ್ ಕೊಡಬೇಕಾದಲ್ಲಿ 25 ಕೊಟ್ಟಳು. ವಯಲ್ (ಔಷಧದ ಸೀಸೆ) 100ರದ್ದು, ಅಂದರೆ ಒಂದು ಮಿ.ಲೀ.ಗೆ 100 ಯೂನಿಟ್; ಸಿರಿಂಜ್ ಮಿ.ಲೀ.ಗೆ 40 ಯೂನಿಟ್ ಲೆಕ್ಕದ ಗೆರೆಗಳಿರುವ, ಕೆಂಪು ಮುಚ್ಚಳದ 40ರದ್ದು. 10ರ ಗೆರೆಗೆ ಎಳೆದರೂ ಒಳಗೆ ಬರುವುದು ಎರಡೂವರೆ ಪಟ್ಟು. ಶುಗರ್ ಇಳಿಯಿತು, ಗ್ಲೂಕೋಸ್ ಹಾಕಿ ರೋಗಿಯನ್ನು ಉಳಿಸಿಕೊಂಡೆವು. ಬೆಳಿಗ್ಗೆ ಎಲ್ಲರೂ ಅವಳ ಮೇಲೆ ಬಿದ್ದರು. ಟ್ರೇಯಲ್ಲಿ ಆ ಸಿರಿಂಜ್ ಇಟ್ಟವಳು ನಾನು. ಹೇಳಿದೆ. ನನಗೆ ಮೆಮೋ ಬಂತು, ಅವಳ ಕೆಲಸ ಉಳಿಯಿತು.

ಇಂಥ ಹೊತ್ತಲ್ಲಿ ಮೊದಲು ರೋಗಿ, ಆಮೇಲೆ ಡಾಕ್ಟರಿಗೆ ಫೋನು, ಆಮೇಲೆ ಕಾಗದ. ಗಂಟೆ, ನಿಮಿಷ ಹಾಕಿ, ಕಂಡದ್ದನ್ನಷ್ಟೇ ಬರೆಯಿರಿ. 'ಅವಳು ನಿರ್ಲಕ್ಷ್ಯ ಮಾಡಿದಳು' ಅನ್ನುವುದು ಕಂಡದ್ದಲ್ಲ, ತೀರ್ಪು. ಬರೆದದ್ದು ತಪ್ಪಿದ್ದರೆ ಒಂದೇ ಗೆರೆ ಎಳೆದು ಸಹಿ ಹಾಕಿ, ವೈಟ್ನರ್ ಮುಟ್ಟಬೇಡಿ. ಯಾರೇ ಹೇಳಲಿ, ಹಿಂದಿನ ಸಮಯ ಹಾಕಿ ಬರೆಯಬೇಡಿ. ಫೋನಿನಲ್ಲಿ ಬಂದ ಆರ್ಡರನ್ನು ಬರೆದುಕೊಂಡು ಓದಿ ಹೇಳಿ, ಡಾಕ್ಟರ್ ಹೂಂ ಅಂದಮೇಲೇ ಔಷಧ.

"ಅವಳ ಹೆಸರು ಬರೆದುಬಿಡಿ ಸಿಸ್ಟರ್" ಅಂತ ಮೇಲಿನವರು ಅಂದಾಗ ಗಂಟಲು ಒಣಗುತ್ತದೆ, ನನಗೆ ಗೊತ್ತು. "ನಾನು ಕಂಡದ್ದು ಇಷ್ಟು ಮೇಡಂ, ಇದಕ್ಕೆ ಸಹಿ ಹಾಕ್ತೀನಿ" ಅನ್ನಿ. ಹೆಚ್ಚು ವಾದ ಬೇಡ.

ಮತ್ತೆ, ಸಿರಿಂಜ್ ಡಬ್ಬಗಳನ್ನು ಬೇರೆ ಮಾಡಿಸಿ: 40ರ ಕೆಂಪು ಮುಚ್ಚಳದವು ಒಂದು ಕಪಾಟಿನಲ್ಲಿ, 100ರ ಕಿತ್ತಳೆ ಮುಚ್ಚಳದವು ಇನ್ನೊಂದರಲ್ಲಿ. ನಾನು ಆ ವಾರವೇ ಮಾಡಿಸಿದೆ.