10 ಎಚ್‌ಪಿ ಕಂಪ್ರೆಸರ್‌ನಲ್ಲೇ ಕಲರ್ ಸಾರ್ಟರ್ ಓಡಿಸಿದ ನನ್ನ ಅನುಭವ

ಗದಗದ ಬೆಟಗೇರಿ ಕಡೆ ನನ್ನದೊಂದು ಸಣ್ಣ ಬೇಳೆ ಮಿಲ್ಲು. ಹೆಸರು, ಕಡಲೆ, ಮಾಲು ಸಿಕ್ಕರೆ ತೊಗರಿ. ಕೆಟ್ಟ ಬಣ್ಣದ ಕಾಳನ್ನು ಗುರುತಿಸಿ ಗಾಳಿಯ ಹೊಡೆತದಿಂದ ಬೇರೆ ಮಾಡುವ ಕಲರ್ ಸಾರ್ಟರ್ ಇದೆ, ಎರಡು ಚ್ಯೂಟಿನದು (ಕಾಳು ಜಾರಿ ಬೀಳುವ ಎರಡು ದಾರಿ). ಅದಕ್ಕೆ ಗಾಳಿ ಕೊಡುತ್ತಿದ್ದ 10 ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಕೈಕೊಟ್ಟಾಗ ಕೇಳಿದವರೆಲ್ಲ 15 ಹಾಕು, 20 ಹಾಕು ಅಂದರು. ನಾನು 10 ಎಚ್‌ಪಿ ಸ್ಕ್ರೂ ಕಂಪ್ರೆಸರ್ ತಂದೆ, ಪಿಸ್ಟನ್ ಬದಲು ಸ್ಕ್ರೂ ತಿರುಗಿ ಗಾಳಿ ಒತ್ತುವಂಥದ್ದು. ಹೆಸರಿನ ಎರಡು ಸೀಸನ್, ಕಡಲೆಯ ಒಂದು ಸೀಸನ್ ದಾಟಿದ ಮೇಲೆ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಣ್ಣ, ಅಂದರೆ ನಮ್ಮ ದೊಡ್ಡಪ್ಪನ ಮಗ, ಅವನದೂ ಮಿಲ್ಲು ಇದೆ. ಅವನು ಎದುರಿಗೇ ಹೇಳಿದ: "ತಮ್ಮಾ, ಹತ್ತರಾಗ ಗಾಳಿ ಸಾಲವಲ್ದು ಅಂತ ಕಣ್ಣಾರೆ ನೋಡಾಕತ್ತಿ. ಮತ್ತ ಹತ್ತಽ ತರ್ತೀನಿ ಅಂತೀಯಲ್ಲೋ?" ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆಗಸ್ಟ್ ಕೊನೆಗೆ ರೋಣ, ನರಗುಂದದ ಕಡೆಯಿಂದ ಹಸಿ ಹೆಸರು ಬರಲು ಶುರುವಾದರೆ ನನ್ನ ಪ್ರೆಶರ್ ಗೇಜಿನ ಮುಳ್ಳು ತೀರಾ ಕೆಳಗೆ ಇಳಿದು ಅಲ್ಲೇ ಕೂರುತ್ತಿತ್ತು. ಕೆಟ್ಟ ಕಾಳಿಗೆ ಗಾಳಿ ಹೊಡೆಯುವ ಎಜೆಕ್ಟರ್ ವಾಲ್ವ್‌ಗಳ ಬಡಿತ ಮೆತ್ತಗಾಗಿ ಕರಿಕಾಳು ಒಳ್ಳೆ ಮಾಲಿನಲ್ಲೇ ಉಳಿಯುತ್ತಿತ್ತು. ಒಮ್ಮೆ ಅರವತ್ತು ಚೀಲ ಹೆಸರಿಗೆ ಖರೀದಿದಾರ ಕ್ವಿಂಟಲ್‌ಗೆ ನೂರೈವತ್ತು ರೂಪಾಯಿ ಮುರಿದ. ಆ ದಿನ ರಾತ್ರಿ ಊಟ ಸೇರಲಿಲ್ಲ.

ಹೊಸದು ತರುವ ಮೊದಲು ಮಾಡಿದ ಖರ್ಚು ಹೇಳಿಬಿಡುತ್ತೇನೆ. ಹೆಡ್ ಬಿಚ್ಚಿಸಿ ರಿಂಗು, ವಾಲ್ವ್ ಪ್ಲೇಟು ಹಾಕಿಸಿದ್ದಕ್ಕೆ ಹದಿನೆಂಟು ಸಾವಿರ. ಮೂರು ತಿಂಗಳಲ್ಲಿ ಮತ್ತೆ ಅದೇ ಹಾಡು. ಆಮೇಲೆ ಪಂಕ್ಚರ್ ಅಂಗಡಿಯೊಂದರ ಹಳೆ 3 ಎಚ್‌ಪಿ ಕಂಪ್ರೆಸರನ್ನು ಅದೇ ಲೈನಿಗೆ ಜೋಡಿಸಿದೆ. ಎರಡರ ಪ್ರೆಶರ್ ಸ್ವಿಚ್ ಹೊಂದಲೇ ಇಲ್ಲ. ಸಣ್ಣದು ಎಂಟು ತಾಸು ಬಿಡದೆ ಓಡಿ ಹೆಡ್ ಸುಟ್ಟುಕೊಂಡಿತು. ಮೂರನೆಯದೇ ದೊಡ್ಡ ಪೆಟ್ಟು. ಪರಿಚಯದವರಿಂದ ಸೆಕೆಂಡ್‌ಹ್ಯಾಂಡ್ 20 ಎಚ್‌ಪಿ ಸ್ಕ್ರೂ ಟ್ರಯಲ್ ಮೇಲೆ ತಂದೆ. ಮೊದಲ ವಾರ ಗಾಳಿಯೋ ಗಾಳಿ. ಮೂರನೇ ವಾರ ಎಣ್ಣೆ ನೋಡಿದರೆ ಮಜ್ಜಿಗೆ ಬಣ್ಣ. ನನಗೆ ಬೇಕಾದ ಗಾಳಿ ಅದಕ್ಕೆ ಅರ್ಧವೂ ಅಲ್ಲ. ಸ್ವಲ್ಪ ಹೊತ್ತು ಲೋಡ್ ಆಗಿ ಗಾಳಿ ತುಂಬಿ, ಉಳಿದ ಹೊತ್ತು ಅನ್‌ಲೋಡ್‌ನಲ್ಲಿ ಗಾಳಿ ಕೊಡದೆ ಸುಮ್ಮನೆ ತಿರುಗುತ್ತಿತ್ತು. ಎಣ್ಣೆ ಬಿಸಿಯೇರದೆ ಮಳೆಗಾಲದ ತೇವ ಎಣ್ಣೆಯಲ್ಲೇ ನಿಂತಿತು. ಆ ಎಣ್ಣೆ ನೀರು ಲೈನಿಗೆ ಇಳಿದು ಹದಿನಾಲ್ಕು ಎಜೆಕ್ಟರ್ ಅಂಟಿಕೊಂಡವು. ರಿಪೇರಿಗೆ ಒಂದೊಂದಕ್ಕೂ ಸಾವಿರದ ಮೇಲೆ. ಮೆಷಿನ್ ಹಿಂದಕ್ಕೆ ಕಳಿಸಿದೆ, ಸಾಗಾಣಿಕೆ ನನ್ನ ತಲೆಗೇ ಬಿತ್ತು.

ದೊಡ್ಡದು ತಂದರೂ ಕೆಡುತ್ತದೆ ಅಂತ ಅಲ್ಲಿ ಗೊತ್ತಾಯಿತು. ನನಗೆ ನಿಜಕ್ಕೂ ಎಷ್ಟು ಗಾಳಿ ಬೇಕು ಅಂತ ಅಳೆಯಲು ಕೂತೆ. ಬೇಕಾಗಿದ್ದು ನನ್ನ 500 ಲೀಟರ್ ಟ್ಯಾಂಕು, ಗೇಜು, ಮೊಬೈಲಿನ ಸ್ಟಾಪ್‌ವಾಚ್. ಟ್ಯಾಂಕಿನ ಲೀಟರನ್ನು ಏರಿದ ಅಥವಾ ಇಳಿದ ಬಾರ್‌ನಿಂದ (ಗೇಜು ತೋರಿಸುವ ಒತ್ತಡದ ಅಳತೆ) ಗುಣಿಸಿ ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರುತ್ತದೆ. 28ರಿಂದ ಭಾಗಿಸಿದರೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ.

ಮೊದಲು ಹಳೆ ಕಂಪ್ರೆಸರ್. ಲೈನ್ ಬಂದ್ ಮಾಡಿ ಸೊನ್ನೆಯಿಂದ ಏಳು ಬಾರ್ ತುಂಬಿಸಿದೆ. ಹೊಸದಿದ್ದಾಗ ನಾಲ್ಕೂಕಾಲು ನಿಮಿಷ ಹಿಡಿಯುತ್ತಿದ್ದದ್ದು ಏಳು ನಿಮಿಷ ಹಿಡಿಯಿತು. ಹೇಳಿಕೊಳ್ಳಲು 10 ಎಚ್‌ಪಿ, ಕೊಡುತ್ತಿದ್ದದ್ದು 18 ಸಿಎಫ್‌ಎಂ. ಅಣ್ಣ ಹೇಳಿದಂತೆ ನಾನು ಕಣ್ಣಾರೆ ನೋಡಿದ್ದು ಹತ್ತು ಎಚ್‌ಪಿ ಅಲ್ಲ, ಸವೆದ ಹತ್ತು.

ಆಮೇಲೆ ಲೀಕು. ರಾತ್ರಿ ಒಂಬತ್ತಕ್ಕೆ ಮಿಲ್ ಪೂರ್ತಿ ನಿಲ್ಲಿಸಿ, ಎಲಿವೇಟರ್ ಸದ್ದೂ ಇಲ್ಲದಾಗ ನಿಂತು ಕೇಳಿದರೆ ನಾಲ್ಕು ದಿಕ್ಕಿನಿಂದ ಸುಯ್ ಅನ್ನುತ್ತಿತ್ತು. ಏಳರಿಂದ ಐದು ಬಾರ್ ಇಳಿಯಲು ಐದೇ ನಿಮಿಷ. ಅಂದರೆ 7 ಸಿಎಫ್‌ಎಂ ಯಾರಿಗೂ ಇಲ್ಲದೆ ಹೋಗುತ್ತಿತ್ತು. ಗಡ್ಡದ ಬ್ರಶ್ಶಿಗೆ ಸಾಬೂನು ನೀರು ಅದ್ದಿ ಒಂದೊಂದೇ ಜಾಯಿಂಟಿಗೆ ಹಚ್ಚುತ್ತ ಹೋದೆ. ಪುಡಿ ಊದುವ ಬ್ಲೋಗನ್‌ನ ಕಪ್ಲಿಂಗ್, ಫಿಲ್ಟರ್ ಬಟ್ಟಲಿನ ತಳ, ಗೋಡೆ ಹಿಂದೆ ಇಲಿ ಕಡಿದ ಪಿಯು ಪೈಪು. ಬಟ್ಟಲಿನ ತಳದಲ್ಲಿ ನೊರೆ ಅವಲಕ್ಕಿಯಂತೆ ಉಬ್ಬಿ ಉಬ್ಬಿ ಒಡೆಯುತ್ತಿತ್ತು, ಆರು ತಿಂಗಳು ಅದರ ಪಕ್ಕದಲ್ಲೇ ಓಡಾಡಿದ್ದೆ. ಸಾಮಾನಿಗೆ ಎಂಟುನೂರು ರೂಪಾಯಿ, ಎರಡು ರಾತ್ರಿ ಕೆಲಸ. ಆಮೇಲೆ ಅದೇ ಎರಡು ಬಾರ್ ಇಳಿಯಲು ಇಪ್ಪತ್ತೈದು ನಿಮಿಷ.

ಕೊನೆಗೆ ಸಾರ್ಟರ್ ಓಡುತ್ತಿರುವಾಗಲೇ ಕಂಪ್ರೆಸರ್ ನಿಲ್ಲಿಸಿ ಅಳೆದೆ. ಸಾಧಾರಣ ಹೆಸರಿಗೆ ಏಳರಿಂದ ಐದಕ್ಕೆ ಇಳಿಯಲು ನೂರು ಸೆಕೆಂಡ್, ಅಂದರೆ 21 ಸಿಎಫ್‌ಎಂ. ಮಳೆಗೆ ಸಿಕ್ಕು ಕರಿಕಾಳು ತುಂಬಿದ ಮಾಲಿಗೆ ಎಪ್ಪತ್ತು ಸೆಕೆಂಡ್, 30 ಸಿಎಫ್‌ಎಂ. ಕೆಟ್ಟ ಮಾಲಿನಿಂದಲೇ ಅಳೆಯಬೇಕು. ಒಳ್ಳೆ ಮಾಲು ಹಾಕಿ ಅಳೆದವರು ಸೀಸನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಗಾಳಿಯ ಒತ್ತಡವೇ ಇಲ್ಲಿ ಏಳು ಪರ್ಸೆಂಟ್ ಕಡಿಮೆ. ಅದನ್ನೂ ಬ್ಲೋಗನ್ನನ್ನೂ ಸೇರಿಸಿದರೂ 40 ಸಿಎಫ್‌ಎಂ ಕೊಡುವ 10 ಎಚ್‌ಪಿ ಸ್ಕ್ರೂ ಸಾಕಿತ್ತು. ಪಿಸ್ಟನ್ ಮತ್ತೆ ತರಲಿಲ್ಲ. ಸಾರ್ಟರ್‌ಗೆ ಪಾಳಿಯುದ್ದಕ್ಕೂ ಗಾಳಿ ಬೇಕು, ಪಿಸ್ಟನ್‌ಗೆ ನಡುನಡುವೆ ಆರಲು ಬಿಡುವು ಬೇಕು.

ಕಂಪ್ರೆಸರ್, ಗಾಳಿಯನ್ನು ತಂಪು ಮಾಡಿ ತೇವ ತೆಗೆಯುವ ರೆಫ್ರಿಜರೇಟೆಡ್ ಡ್ರೈಯರ್, ಎರಡು ಫಿಲ್ಟರ್ ಸೇರಿ ಮೂರೂಕಾಲು ಲಕ್ಷದ ಆಸುಪಾಸು. 15 ಎಚ್‌ಪಿ ಸೆಟ್ಟಿಗೆ ನಾಲ್ಕೂವರೆ ಹೇಳಿದ್ದರು. ಮಾರುವವರು ನಾನು ಬರೆದುಕೊಂಡ ಲೆಕ್ಕದ ಚೀಟಿ ನೋಡಿ, "ಸಾವಕಾರ್ರ, ನಾಳೆ ಸಾಲದಿದ್ರ ನಮ್ಮನ್ನ ಕೇಳಬ್ಯಾಡ್ರಿ" ಅಂದರು. ಕೇಳುವ ಪ್ರಸಂಗ ಇವತ್ತಿನವರೆಗೆ ಬಂದಿಲ್ಲ.

ಜೋಡಿಸುವಾಗಲೂ ವಾದವಾಯಿತು. ಡ್ರೈಯರ್ ಮೊದಲು, ಟ್ಯಾಂಕ್ ಆಮೇಲೆ ಅಂದರು ಕೆಲವರು. ನಾನು ಟ್ಯಾಂಕನ್ನೇ ಮೊದಲಿಟ್ಟೆ. ಬಿಸಿ ಗಾಳಿ ಟ್ಯಾಂಕಿನಲ್ಲಿ ಆರಿ ಅರ್ಧಕ್ಕಿಂತ ಹೆಚ್ಚು ನೀರು ಅಲ್ಲೇ ಬೀಳುತ್ತದೆ, ಡ್ರೈಯರ್‌ಗೆ ಭಾರ ಕಡಿಮೆ. ಡ್ರೇನ್ ಕೆಳಗೆ ಬಕೆಟ್ ಇಟ್ಟು ಅಳೆದಿದ್ದೇನೆ: ಶ್ರಾವಣದಲ್ಲಿ ಹತ್ತು ತಾಸಿನ ಪಾಳಿಗೆ ಆರು ಲೀಟರಿನ ಹತ್ತಿರ, ಮಾರ್ಚ್‌ನಲ್ಲಿ ಎರಡು ಲೀಟರೂ ಇಲ್ಲ. ಹಳೆ ಟ್ಯಾಂಕನ್ನೇ ಉಳಿಸಿಕೊಂಡೆ, ಆದರೆ ಒಳಗೆ ತುಕ್ಕು ಎಷ್ಟು ತಿಂದಿದೆಯೋ ಅಂತ ನೀರು ತುಂಬಿಸಿ ಒಂದೂವರೆ ಪಟ್ಟು ಪ್ರೆಶರ್‌ಗೆ ಟೆಸ್ಟ್ ಮಾಡಿಸಿದ ಮೇಲೆಯೇ. ಗಾಳಿ ತುಂಬಿ ಟೆಸ್ಟ್ ಮಾಡುವವರನ್ನು ಮಿಲ್ಲಿನೊಳಗೆ ಬಿಡಬೇಡಿ. ಒಡೆದರೆ ಜೀವಕ್ಕೇ ಬರುತ್ತದೆ.

ನಮ್ಮ ಧಂದೆಯಲ್ಲಿ ಹೊಟ್ಟಿನ ಪುಡಿ ದೊಡ್ಡ ವೈರಿ. ಶುರುವಿಗೆ ಗಾಳಿ ಎಳೆಯುವ ಜಾಗಕ್ಕೆ ಹಳೆ ಧೋತರದ ಬಟ್ಟೆ ಕಟ್ಟಿದ್ದೆ. ಎರಡೇ ದಿನಕ್ಕೆ ಬಟ್ಟೆ ಹಿಟ್ಟಿನ ರೊಟ್ಟಿಯಂತಾಗಿ ಕಂಪ್ರೆಸರ್ ಬಿಸಿಯೇರಿ 105 ಡಿಗ್ರಿಗೆ ಟ್ರಿಪ್ ಆಯಿತು. ಈಗ ಮಿಲ್ಲಿನ ಹೊರಗೋಡೆಗೆ ತಗಡಿನ ಪ್ರತ್ಯೇಕ ಕೋಣೆ, ಗಾಳಿ ಬೇವಿನ ಮರದ ಕಡೆಯಿಂದ, ಬಿಸಿ ಗಾಳಿ ಮೇಲಿನಿಂದ ಆಚೆ. ಏಪ್ರಿಲ್ ಬಿಸಿಲಿನಲ್ಲೂ ಟ್ರಿಪ್ ಆಗಿಲ್ಲ.

ಕಟ್‌ಔಟನ್ನು, ಅಂದರೆ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸುವ ಒತ್ತಡವನ್ನು, ಎಂಟು ಬಾರ್‌ನಿಂದ ಆರೂವರೆಗೆ ಇಳಿಸಿದ್ದೇನೆ. ಒಂದು ಬಾರ್ ಇಳಿಸಿದರೆ ಕರೆಂಟು ಆರೇಳು ಪರ್ಸೆಂಟ್ ಉಳಿಯುತ್ತದೆ, ಎಜೆಕ್ಟರ್‌ಗೆ ಒತ್ತಡ ಇಳಿಸುವ ರೆಗ್ಯುಲೇಟರ್ ದಾಟಿ ಹೋಗುವುದು ಹೇಗೂ ಎರಡು ಮೂರು ಬಾರ್. ಅಲ್ಲಿ ನಾನು ಯಾವ ಮಾಲಿಗೆ ಎಷ್ಟು ಇಡುತ್ತೇನೆ, ಎಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಸೀಸನ್ ಮಾಲು ಹಾಳು ಮಾಡಿಕೊಂಡು ಕಲಿತದ್ದು ಅದು.

ಕಂಪ್ರೆಸರ್‌ಗೆ ಬೇರೆ ಮೀಟರ್ ಹಾಕಿದ್ದೇನೆ. ಹಳೆಯದು ಪಾಳಿಗೆ ಎಂಬತ್ತು ಯೂನಿಟ್ ತಿನ್ನುತ್ತಿತ್ತು, ಇದು ಐವತ್ತು ಚಿಲ್ಲರೆ. ದಿನಕ್ಕೆ ಇನ್ನೂರು ರೂಪಾಯಿ, ತಿಂಗಳಿಗೆ ಐದು ಸಾವಿರದ ಉಳಿತಾಯ. ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲೇ ಇದೆ. ಹೋದ ಸೀಸನ್‌ನಲ್ಲಿ ಎಜೆಕ್ಟರ್ ರಿಪೇರಿಗೆ ಹೋಗಿದ್ದು ಎರಡೇ. ಮೊನ್ನೆ ಅಣ್ಣ ಬಂದು ಗೇಜಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತ. ಮುಳ್ಳು ಐದೂವರೆ ಕೆಳಗೆ ಇಳಿಯಲಿಲ್ಲ. ಬರುವ ಭಾನುವಾರ ಅವನ ಮಿಲ್ಲಿನಲ್ಲಿ ಲೀಕು ಹುಡುಕಲು ಬ್ರಶ್ಶು ತಗೊಂಡು ಹೋಗುತ್ತಿದ್ದೇನೆ.