ಲಿಫ್ಟ್ ರಿಪೇರಿ ಮಾಡುವವನ ಪುಸ್ತಕ

ನಾನು ಲಿಫ್ಟ್ ಮೆಕ್ಯಾನಿಕ್. ಕೆಲಸದಲ್ಲಿ ಇದ್ದುಕೊಂಡೇ ಒಂದು ಪುಸ್ತಕ ಬರೆದೆ, ಅಚ್ಚೂ ಆಯಿತು. ಆಮೇಲೆ ಜನ ಜಾಸ್ತಿ ಕೇಳಿದ್ದು ಪುಸ್ತಕದ ಬಗ್ಗೆ ಅಲ್ಲ. "ನಿಮ್ಮ ಕೆಲಸದವರಿಗೆ ಇದೆಲ್ಲ ಹೇಗೆ ಬರುತ್ತೆ?" ಅಂತ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು: "ನನ್ನ ತಲೆಯಲ್ಲೂ ಒಂದು ಪುಸ್ತಕ ಇದೆ ಕಣ್ರೀ, ಬರೆಯೋಕೆ ಟೈಮ್ ಇಲ್ಲ ಅಷ್ಟೇ."

ತಲೆಯಲ್ಲಿ ಪುಸ್ತಕ ಇರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ನನ್ನ ತಲೆಯಲ್ಲಂತೂ ಇರಲಿಲ್ಲ. ಇದ್ದದ್ದು ಬರೀ ಚೂರುಪಾರು. ಯಾರದೋ ಮುಖ, ಯಾವುದೋ ಜಗಳ, ಚಹಾ ಕುಡಿಯುವಾಗ ಹೇಳಿದರೆ ನಾಲ್ಕು ಜನ ನಗುವಂಥ ಪ್ರಸಂಗ. ಪುಸ್ತಕ ಅನ್ನುವುದು ಹುಟ್ಟಿದ್ದು ಬರೆಯಲು ಕೂತ ಮೇಲೆ.

ಶುರುವಾದದ್ದು ಜಾಬ್ ಶೀಟ್‌ನಿಂದ. ಪ್ರತಿ ಕಂಪ್ಲೇಂಟ್‌ಗೂ ನಾವು ಎರಡು ಸಾಲು ಬರೆದು ಸಹಿ ಹಾಕಿಸಬೇಕು. ಒಂದು ಶೀಟ್ ಹೀಗಿತ್ತು: "ಮೂರನೇ ಮಹಡಿ. ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಸಿಲ್‌ನಲ್ಲಿ ಕಲ್ಲು. ತೆಗೆದೆ." ಸಿಲ್ ಅಂದರೆ ಬಾಗಿಲ ಕೆಳಗಿನ ಪಟ್ಟಿ, ಅದರ ಸಂದಿಯಲ್ಲಿ ಬಾಗಿಲು ಜಾರುತ್ತದೆ. ಬಾಗಿಲು ಸರಿಯಾಗಿ ಮುಚ್ಚಿ ಲಾಕ್ ಆಗದಿದ್ದರೆ ಲಿಫ್ಟ್ ಹೊರಡುವುದಿಲ್ಲ, ಹೊರಡಲೂಬಾರದು. ಹಾಗಾಗಿ ಯಾರದೋ ಚಪ್ಪಲಿಗೆ ಅಂಟಿ ಬಂದ ಕಲ್ಲೊಂದು ಇಡೀ ಕಟ್ಟಡದವರನ್ನು ಮೆಟ್ಟಿಲು ಹತ್ತಿಸುತ್ತದೆ.

ಶೀಟ್‌ನಲ್ಲಿ ಇದ್ದದ್ದು ಅಷ್ಟೇ. ಇಲ್ಲದ್ದು ಏನು? ಅಲ್ಲಿನ ಸೆಕ್ರೆಟರಿ ಆ ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಇಷ್ಟಕ್ಕೇನಾ?" ಅಂದದ್ದು. ಬಿಲ್ ಕಡಿಮೆ ಮಾಡಿ ಅಂದದ್ದು. ಮೇಲಿನ ಮಹಡಿಯ ಅಜ್ಜಿ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದದ್ದು. ಆ ರಾತ್ರಿ ಶೀಟ್‌ನ ಎರಡು ಸಾಲನ್ನು ನೋಟ್‌ಬುಕ್ಕಿನ ತಲೆಗೆ ಬರೆದು, ಅಲ್ಲಿ ಬಿಟ್ಟುಹೋದದ್ದನ್ನೆಲ್ಲ ಕೆಳಗೆ ಬರೆದೆ. ಒಂದು ಪುಟ ತುಂಬಿತು. ಆಮೇಲೆ ಅದೇ ನನ್ನ ಪದ್ಧತಿ ಆಯಿತು. ಒಂದು ಶೀಟ್, ಒಂದು ಪುಟ.

ಟೈಮ್ ವಿಷಯಕ್ಕೆ ಬರೋಣ. ಸಾಮಾನ್ಯ ಅಳತೆಯ ಪುಸ್ತಕದ ಒಂದು ಪುಟದಲ್ಲಿ ಸುಮಾರು 200 ಕನ್ನಡ ಪದ ಹಿಡಿಸುತ್ತವೆ. 150 ಪುಟ ಅಂದರೆ 30,000 ಪದ. ಕೂತಾಗಲೆಲ್ಲ 200 ಪದ ಬರೆದರೆ 150 ಸಲ ಕೂರಬೇಕು. ಅಷ್ಟೇ ಲೆಕ್ಕ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ 5:30ಕ್ಕೆ ಮೇಜಿಗೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಆಮೇಲೆ ಆಫೀಸು. ಆ ವೇಗ ನಮಗೆ ಬರಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಗಡಿಯಾರ ಇಟ್ಟುಕೊಳ್ಳಬಹುದು ಅಲ್ವಾ? ನನಗೆ ಮೂಡ್‌ಗಿಂತ ಗಡಿಯಾರವೇ ಜಾಸ್ತಿ ಕೆಲಸಕ್ಕೆ ಬಂತು.

ಓದು ಕಮ್ಮಿ ಅನ್ನುವವರಿಗೆ ನಾನು ಬೇಬಿ ಹಾಲ್ದಾರ್ ಹೆಸರು ಹೇಳುತ್ತೇನೆ. ಮನೆಗೆಲಸದವರು. ಶಾಲೆ ಅರ್ಧಕ್ಕೇ ನಿಂತಿತ್ತು. ಅವರು ಕೆಲಸ ಮಾಡುತ್ತಿದ್ದ ಮನೆಯ ಯಜಮಾನರು ಒಬ್ಬ ನಿವೃತ್ತ ಪ್ರೊಫೆಸರ್. ಒಂದು ನೋಟ್‌ಬುಕ್ ಮತ್ತು ಪೆನ್ ಕೊಟ್ಟು, ನಿನ್ನ ಜೀವನ ಬರಿ ಅಂದರು. ಕೆಲಸ ಮುಗಿದ ಮೇಲೆ ಬಂಗಾಳಿಯಲ್ಲಿ ಬರೆದ ಆ ಆತ್ಮಕಥೆ 2002ರಲ್ಲಿ ಮೊದಲು ಹಿಂದಿಯಲ್ಲಿ ಪುಸ್ತಕವಾಯಿತು, ಆಮೇಲೆ ಎಷ್ಟೋ ಭಾಷೆಗೆ ಹೋಯಿತು. ಅವರಿಗೆ ಸಿಕ್ಕಿದ ಆ ಒಬ್ಬ ಓದುಗ ಎಲ್ಲರಿಗೂ ಸಿಗುವುದಿಲ್ಲ, ಅದೂ ನಿಜ.

ನನಗೆ ಕಷ್ಟವಾದದ್ದು ಯಾವುದು ಬರೆಯಬೇಕು, ಯಾವುದು ಬೇಡ ಅನ್ನುವುದು. ಲಿಫ್ಟ್ ಪುಸ್ತಕ ಅಂದಮೇಲೆ ಇತಿಹಾಸ ಇರಬೇಕು ಅಂತ ಒಂದು ಅಧ್ಯಾಯ ಬರೆದಿದ್ದೆ. 1854ರಲ್ಲಿ ಎಲೀಷಾ ಓಟಿಸ್ ನ್ಯೂಯಾರ್ಕ್‌ನ ವಸ್ತುಪ್ರದರ್ಶನದಲ್ಲಿ ತಾನೇ ಲಿಫ್ಟ್‌ನ ಹಲಗೆಯ ಮೇಲೆ ನಿಂತು, ಅದನ್ನು ಎತ್ತಿ ಹಿಡಿದಿದ್ದ ಹಗ್ಗವನ್ನು ಕಡಿಸಿ, ಬೀಳದೆ ತೋರಿಸಿದ ಕಥೆ. ಒಳ್ಳೆಯ ಕಥೆಯೇ. ಆದರೆ ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸಿಲ್‌ನಲ್ಲಿ ಸಿಕ್ಕ ಕಲ್ಲಿನ ಕಥೆ ಹೇಳುವವನು ನಾನೊಬ್ಬನೇ. ಅಧ್ಯಾಯ ಪೂರ್ತಿ ತೆಗೆದೆ.

ಇದಕ್ಕೆ ವಿರುದ್ಧವಾದದ್ದೂ ಆಯಿತು. ಖಾಲಿ ಲಿಫ್ಟ್‌ನ ಬ್ರೇಕ್ ಬಿಟ್ಟರೆ ಅದು ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹೋಗುತ್ತದೆ. ಯಾಕೆಂದರೆ ಹಗ್ಗದ ಇನ್ನೊಂದು ತುದಿಯಲ್ಲಿರುವ ಕೌಂಟರ್‌ವೇಟ್, ಖಾಲಿ ಕ್ಯಾಬಿನ್‌ಗಿಂತ ಭಾರ. ಕ್ಯಾಬಿನ್‌ನ ತೂಕದ ಜೊತೆಗೆ, ಅದು ಹೊರಬಲ್ಲ ಭಾರದ ಸುಮಾರು ಅರ್ಧದಷ್ಟನ್ನು ಸೇರಿಸಿ ಕೌಂಟರ್‌ವೇಟ್ ಮಾಡಿರುತ್ತಾರೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ಇದು ಗೊತ್ತು. ಬರೆಯುವಷ್ಟು ದೊಡ್ಡ ವಿಷಯ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಹಸ್ತಪ್ರತಿ ಓದಿದ ಸ್ನೇಹಿತರು ಬೇರೆಲ್ಲ ಬಿಟ್ಟು ಈ ಒಂದೇ ಸಾಲು ಹಿಡಿದು ಕೂತರು. "ಇದನ್ನು ಇನ್ನೂ ಬಿಡಿಸಿ ಬರಿ ಮಾರಾಯ, ನಾವು ದಿನಾ ಪ್ರಾಣ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀವಿ." ಒಂದು ಸಾಲು ಆರು ಪುಟ ಆಯಿತು. ನಮಗೆ ಸಪ್ಪೆ ಅನ್ನಿಸಿದ್ದೇ ಬೇರೆಯವರಿಗೆ ಹೊಸದು. ಅದು ಯಾವುದು ಅಂತ ನಮಗೆ ನಾವೇ ಕಂಡುಹಿಡಿಯುವುದು ಮಾತ್ರ ಬಹಳ ಕಷ್ಟ. ಅದಕ್ಕೇ ನಮ್ಮ ಕಸುಬಿನವರಲ್ಲದ ಒಬ್ಬರಿಗಾದರೂ ಮೊದಲೇ ಓದಲು ಕೊಡಬೇಕು.

ಭಾಷೆಗೆ ನಾನು ಮಾಡಿದ್ದು ಒಂದೇ. ಬರೆದದ್ದನ್ನು ಗಟ್ಟಿಯಾಗಿ ಓದುವುದು. ನಾಲಿಗೆ ತಡವರಿಸಿದ ಕಡೆ ಗೆರೆ ಎಳೆದು, ಅಲ್ಲಿ ಬಾಯಲ್ಲಿ ಹೇಗೆ ಹೇಳುತ್ತಿದ್ದೆನೋ ಹಾಗೆ ಬರೆಯುವುದು. ಕಾಗುಣಿತ ತಿದ್ದಲು ಬೇರೆಯವರು ಸಿಗುತ್ತಾರೆ. ಪ್ರೂಫ್ ನೋಡುವವರ ಕೆಲಸವೇ ಅದು.

ಹಾಗಂತ ಎಲ್ಲರೂ ಬರೆಯಬೇಕು ಅಂತ ನಾನು ಹೇಳಲ್ಲ. ನನಗಿಂತ ಹತ್ತು ಪಟ್ಟು ಚೆನ್ನಾಗಿ ಕಥೆ ಹೇಳುವ ಸಹೋದ್ಯೋಗಿ ಒಬ್ಬರಿದ್ದಾರೆ. ಪೆನ್ ಕೊಟ್ಟರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಎದುರಿಗೆ ಕೇಳುವವರು ಇಲ್ಲದೆ ಅವರಿಗೆ ಮಾತೇ ಹುಟ್ಟುವುದಿಲ್ಲ. ಅದು ಕೊರತೆ ಅಲ್ಲ, ಸ್ವಭಾವ. ಫೋನಿನಲ್ಲಿ ರೆಕಾರ್ಡ್ ಮಾಡಿ ಬರೆಸಬಹುದು. ಆದರೆ ಆಮೇಲೆ ಕೂತು ತಿದ್ದುವವರು ಯಾರಾದರೂ ಬೇಕೇ ಬೇಕು. ಪುಸ್ತಕ ಬರೆಯಲು ಬೇಕಾದದ್ದು ಪ್ರತಿಭೆಗಿಂತ ಹೆಚ್ಚಾಗಿ, ಒಬ್ಬರೇ ಕೂತು ನಿನ್ನೆಯ ಪುಟವನ್ನೇ ಮತ್ತೆ ತಿದ್ದುವ ತಾಳ್ಮೆ.

ಪುಸ್ತಕ ಬಂದ ಮೇಲೆ ಪರಿಚಯವೇ ಇಲ್ಲದ ಮೆಕ್ಯಾನಿಕ್ ಒಬ್ಬರು ಫೋನ್ ಮಾಡಿದರು. ಹಳೆಯ ಕಾಲದ ಗ್ರಿಲ್ ಬಾಗಿಲಿನ ಲಿಫ್ಟ್ ಬಗ್ಗೆ ನಾನು ಏನೂ ಬರೆದೇ ಇಲ್ಲ ಅಂತ ಅವರ ತಕರಾರು. ಜಗಳಕ್ಕೇ ನಿಂತರು. "ನಾನು ಆ ಲಿಫ್ಟ್‌ಗಳಲ್ಲಿ ಕೆಲಸ ಮಾಡಿಲ್ಲ, ನೀವೇ ಬರೆದು ಕಳಿಸಿ ಸಾರ್" ಅಂದೆ. ಎರಡು ಪುಟ ಬಂತು. ಫುಲ್‌ಸ್ಟಾಪ್ ಒಂದೂ ಇರಲಿಲ್ಲ. ಆದರೆ ಬಾಗಿಲು ಎಳೆಯುವಾಗ ಬೆರಳು ಎಲ್ಲಿ ಇಡಬಾರದು ಅಂತ ಬರೆದದ್ದನ್ನು ಓದುವಾಗ ನನ್ನ ಕೈ ತಾನಾಗಿ ಹಿಂದೆ ಬಂತು. ಇನ್ನೂ ಬರೆಯಿರಿ ಅಂದಿದ್ದೇನೆ. ಮೂರನೇ ಪುಟಕ್ಕೆ ಕಾಯುತ್ತಿದ್ದೇನೆ.